ಆರ್ಡಿತ್ ಕೊಟ್ಟ ಸೇಬು

ಕಳೆದ ವರ್ಷ ತಿರುಕರ ಸಂಜೆಯ ದಿನ ನಾನು ಮುಸುಕಿನ ಜೋಳದ ತೆನೆಯ ವೇಷದಲ್ಲಿ ಆರ್ಡಿತ್ ಕ್ಲಾಸೆನ್ ಅವರ ಮನೆ ಮೆಟ್ಟಿಲಿನ ಮೇಲೆ ಸಿಕ್ಕಿಹಾಕಿಕೊಂಡೆ. ವೇಷ ಹೊಲಿದವಳು ನನ್ನ ಹೆಂಡತಿ ಜೋಲೀನ್. ಹಳೆಯ ಸೋಫಾದ ಹೊಟ್ಟೆ ಬಗೆದು ತೆಗೆದ ಸ್ಪಂಜಿಗೆ ಹಳದಿ ಬಟ್ಟೆ ಹೊದಿಸಿ, ತಲೆಯ ಮೇಲೆ ಜುಟ್ಟಿನಂತೆ ಒಂದಿಷ್ಟು ಕಂದು ಉಲ್ಲನ್ ಇಳಿಬಿಟ್ಟಿದ್ದಳು. ಐವತ್ಮೂರು ವರ್ಷದ ಗಂಡಸಿಗೆ ಇದೆಲ್ಲ ಬೇಕಿತ್ತೇ ಎಂದರೆ ಬೇಕಿರಲಿಲ್ಲ. ಆದರೆ ಹತ್ತು ವರ್ಷದ ಮಗಳು ಮ್ಯಾರಿಟ್, "ಅಪ್ಪ, ನೀನೂ ವೇಷ ಹಾಕಿದ್ರೇ ನಾನು ಬರೋದು" ಎಂದು ಹಟ ಹಿಡಿದಿದ್ದಳು. ಅವಳದು ದೀಪಸ್ತಂಭದ ವೇಷ. ಸಮುದ್ರ ಕಾಣಬೇಕಾದರೆ ಎರಡು ದಿನ ಕಾರು ಓಡಿಸಬೇಕಾದ ಅಯೋವಾದಲ್ಲಿ ದೀಪಸ್ತಂಭ ಯಾಕೆ ಎಂದು ನಾನು ಕೇಳಲಿಲ್ಲ; ಜೋಳದ ತೆನೆಗೆ ಕೇಳುವ ಹಕ್ಕಿರಲಿಲ್ಲ.

ಆರ್ಡಿತ್ ಅವರ ಮನೆಗೆ ಐದು ಮೆಟ್ಟಿಲು, ಎರಡೂ ಪಕ್ಕ ಕಬ್ಬಿಣದ ಕಂಬಿ. ಮ್ಯಾರಿಟ್ ಆಗಲೇ ಮೇಲೆ ಜಗಲಿಯಲ್ಲಿ ನಿಂತಿದ್ದಳು. ಅವಳ ಫೋಟೋ ತೆಗೆಯೋಣವೆಂದು ಹತ್ತಿದವನು ಎರಡನೆಯ ಮೆಟ್ಟಿಲಲ್ಲಿ ಜಾರಿ ದೊಪ್ಪನೆ ಕೂತೆ. ಕೂತ ರಭಸಕ್ಕೆ ಸ್ಪಂಜು ಅಗಲವಾಗಿ, ನಾನು ಎರಡು ಕಂಬಿಗಳ ನಡುವೆ ಬಾಟಲಿಗೆ ಜಡಿದ ಬಿರಡೆಯಂತಾದೆ. ಹಿಂದೆ ಸಾಲಾಗಿ ನಿಂತಿದ್ದ ಮಾಟಗಾತಿಯರೂ ಅಸ್ಥಿಪಂಜರಗಳೂ ಗೊಳ್ಳೆಂದವು.

"ಏಯ್, ಜೋಳ ಬೇರು ಬಿಟ್ಟಿದೆ ಕಣ್ರೋ!"

"ಯಾರಾದ್ರೂ ಕಟಾವು ಮಿಷನ್ ತಗೊಂಡು ಬನ್ರೋ!"

ಬಾಗಿಲಲ್ಲಿ ನಿಂತಿದ್ದ ಆರ್ಡಿತ್ ಮಾತ್ರ ನಗಲಿಲ್ಲ. ಅವರು ನಕ್ಕಿದ್ದನ್ನು ಊರಲ್ಲಿ ಯಾರೂ ನೋಡಿಲ್ಲ. ಗಂಭೀರವಾಗಿ ನನ್ನ ಕಡೆ ಬಗ್ಗಿ, "ಯಾರು ಮಗೂ ಅದು, ಹಳದೀದು? ಎಲ್ಲಿ, ಜೋಕು ಹೇಳು" ಎಂದರು.

ನಮ್ಮಲ್ಲಿ ಅದು ಕಡ್ಡಾಯ. ಹ್ಯಾಲೋವೀನ್ ಅಕ್ಟೋಬರ್ ಮೂವತ್ತೊಂದಕ್ಕಾದರೂ ನಮ್ಮ ಎಲ್ಮ್‌ಸ್ಟೆಡ್‌ನಲ್ಲಿ ಮಕ್ಕಳು ವೇಷ ಹಾಕಿ ಮಿಠಾಯಿ ಬೇಡುತ್ತ ಮನೆಮನೆ ತಿರುಗುವುದು ಮೂವತ್ತರ ಸಂಜೆ, ಆರರಿಂದ ಎಂಟರವರೆಗೆ; ಅದೇ ತಿರುಕರ ಸಂಜೆ. ಜಗಲಿಯ ದೀಪ ಉರಿಯುತ್ತಿದ್ದರೆ ಬಾಗಿಲು ತಟ್ಟಬಹುದು. ತಟ್ಟಿದ ಮೇಲೆ ಒಂದು ಜೋಕು ಹೇಳಲೇಬೇಕು. ಜೋಕಿಲ್ಲದೆ ಮಿಠಾಯಿಯಿಲ್ಲ.

ಉಸಿರು ಕಟ್ಟಿದ್ದ ನನ್ನಿಂದ ಇಲಿಮರಿಯಂಥ ದನಿ ಹೊರಟಿತು. "ಟ್ರಾಕ್ಟರ್ ಕೆಟ್ಟಿತ್ತು... ಅದಕ್ಕೇ... ಹಂದಿ..."

"ಕೊನೇದನ್ನ ಮೊದಲೇ ಹೇಳ್ಬಿಟ್ಟೆ. ಪರವಾಗಿಲ್ಲ, ಇನ್ನೂ ಚಿಕ್ಕ ವಯಸ್ಸು" ಎಂದು ಆರ್ಡಿತ್ ಎರಡು ಚಾಕೊಲೇಟ್ ಕೆಳಗೆ ಹಾಕಿದರು. ಒಂದು ನನ್ನ ಮಡಿಲಿಗೆ ಬಿತ್ತು, ಇನ್ನೊಂದು ಕಂಬಿಯಾಚೆ ಹೂವಿನ ಪಾತಿಗೆ. ಬೀದಿಗೆ ಬೀದಿಯೇ ನಕ್ಕಿತು. ನಾನೂ ನಕ್ಕೆ. ಊರಿನ ವಾರಪತ್ರಿಕೆಯಲ್ಲಿ ಹದಿನೆಂಟು ವರ್ಷದಿಂದ ಹಾಸ್ಯದ ಅಂಕಣ ಬರೆಯುತ್ತಿರುವವನು ನಾನು. ಈ ಮುದುಕಿ ಮುಖದ ಒಂದು ಗೆರೆಯನ್ನೂ ಅಲುಗಿಸದೆ ನನ್ನ ಹದಿನೆಂಟು ವರ್ಷವನ್ನು ಹೊಡೆದುಹಾಕಿದರಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು.

ಆಮೇಲೆ ಅವರು ಮ್ಯಾರಿಟ್ ಕಡೆ ತಿರುಗಿದರು. ಅವಳಿಗೆ ನಾಲ್ಕು ದಿನದಿಂದ ನೆಗಡಿ, ಗಂಟಲು ಕಟ್ಟಿ ಕಪ್ಪೆಯ ದನಿಯಾಗಿತ್ತು. ರಟ್ಟಿನ ದೀಪಸ್ತಂಭ ಅವಳನ್ನು ನನ್ನಷ್ಟೇ ಎತ್ತರ ಮಾಡಿತ್ತು. ಅವಳು ನಮ್ಮ ಹಾಲ್ವರ್ಸನ್ ಮನೆತನದ ಜೋಕನ್ನೇ ಹೇಳಿದಳು. ನಮ್ಮ ತಾತನ ಕಾಲದಿಂದ ಇರುವುದು ಅದೊಂದೇ.

"ಹಂದಿ ಯಾಕೆ ಬಸ್ ಹತ್ತಿತು?"

"ಯಾಕೆ?" ಎಂದರು ಆರ್ಡಿತ್.

ಮ್ಯಾರಿಟ್ ಒಂದು ಕ್ಷಣ ತಡೆದಳು. ಆ ತಡೆಯುವುದನ್ನು ನಾನೇ ಹೇಳಿಕೊಟ್ಟಿದ್ದೆ, ವಾರವೆಲ್ಲ ಕಾರಿನಲ್ಲಿ ಅಭ್ಯಾಸ ಮಾಡಿಸಿದ್ದೆ. "ಟ್ರಾಕ್ಟರ್ ಕೆಟ್ಟಿತ್ತು."

ಮಕ್ಕಳೆಲ್ಲ ನಕ್ಕರು. ಆರ್ಡಿತ್ ತಲೆಯಾಡಿಸಿದರು. ಚಾಕೊಲೇಟಿನ ಬೋಗುಣಿ ಬಿಟ್ಟು ಅದರ ಪಕ್ಕದ ಬುಟ್ಟಿಗೆ ಕೈ ಹಾಕಿದರು. "ಗಂಟಲು ಒಡೆದಿದೆ. ಜೋಕು ಹೇಳೋಕೂ ಬಂತು. ಸಾಕು ಇನ್ನು. ಕೈ ಚಾಚು."

ಅವಳ ಅಂಗೈಯಲ್ಲಿ ಕೂತದ್ದು ಸೇಬು.

ನಗು ನಿಂತುಹೋಯಿತು. ನಾನು ಕಂಬಿಗಳ ನಡುವೆ ಕೂತೇ "ಆರ್ಡಿತ್, ಅವಳು—" ಎಂದೆ. ಆದರೆ ಹಿಂದಿನಿಂದ ಇಬ್ಬರು ಅಪ್ಪಂದಿರು ನನ್ನ ಕಂಕುಳಿಗೆ ಕೈ ಹಾಕಿ ಎಳೆಯುತ್ತಿದ್ದರು, ಸ್ಪಂಜು ಪರ್ರೆಂದು ಹರಿಯಿತು, ಮತ್ತೆ ನಗು. ಅಷ್ಟರಲ್ಲಿ ದೀಪಸ್ತಂಭ ನನ್ನ ಪಕ್ಕದ ಕಂಬಿ ಹಾರಿ, ಹೂವಿನ ಪಾತಿ ತುಳಿದುಕೊಂಡು, ಮನೆಯ ಕಡೆ ನಡೆದುಹೋಗುತ್ತಿತ್ತು. ತಲೆಯ ಮೇಲಿನ ಟಾರ್ಚು ಇನ್ನೂ ಸುತ್ತುತ್ತಲೇ ಇತ್ತು.

ಹೊರಗಿನವರಿಗೆ ಒಂದು ಸೇಬಿಗೆ ಇಷ್ಟು ರಂಪವೇ ಎನ್ನಿಸಬಹುದು. ಎಲ್ಮ್‌ಸ್ಟೆಡ್‌ನಲ್ಲಿ ಹುಟ್ಟಿದವರನ್ನು ಕೇಳಿ. ಮದುವೆಯ ತಾರೀಖು ಮರೆತವರಿದ್ದಾರೆ, ಆರ್ಡಿತ್‌ರಿಂದ ಸೇಬು ಬಂದ ವರ್ಷ ಮರೆತವರಿಲ್ಲ. ಸೇಬು ಬಂತೆಂದರೆ ನಿಮ್ಮ ಬಾಲ್ಯ ಮುಗಿಯಿತು. ಅಲ್ಲಿಂದ ಮುಂದೆ ಯಾವ ಬಾಗಿಲನ್ನೂ ತಟ್ಟುವಂತಿಲ್ಲ. ಮಿಠಾಯಿಗೆಂದು ತಂದ ದಿಂಬಿನ ಚೀಲ ಮಡಚಿಕೊಂಡು ಸೀದಾ ಮನೆಗೆ ಹೋಗಬೇಕು. ಇದನ್ನು ಯಾರೂ ಕಾನೂನು ಮಾಡಿದ್ದಲ್ಲ. ಒಮ್ಮೆ ಮಾಡಲು ಹೋಗಿದ್ದರು. ಮೀಸೆ ಬಂದ ಹುಡುಗರು ಚೀಲ ಹಿಡಿದು ಬರುತ್ತಾರೆ, ವಯಸ್ಸಿನ ಮಿತಿ ಹಾಕಿ ಎಂದು ಯಾರೋ ಅರ್ಜಿ ಕೊಟ್ಟರು. ಊರಿನ ಸಭೆ ಹನ್ನೆರಡೋ ಹದಿಮೂರೋ ಎಂದು ಎರಡು ಗಂಟೆ ಕಾದಾಡಿತು. ಕೊನೆಗೆ ಹಿಂದಿನ ಸಾಲಿನಿಂದ ಆರ್ಡಿತ್ ಎದ್ದು ನಿಂತರು.

"ನನ್ನ ಬಸ್ಸಲ್ಲಿ ಒಂದು ಸೀಟಿಗೆ ಮೂವರು ಹಿಡಿಸೋವರೆಗೂ ಮಕ್ಕಳು. ಇಬ್ಬರೇ ಹಿಡಿಸಿದ್ರೆ ದೊಡ್ಡೋರು. ಯಾವಾಗ ಅಂತ ನಾನು ಹೇಳ್ತೀನಿ. ಈಗ ಎಲ್ರೂ ಮನೆಗೆ ಹೋಗಿ, ನಾಳೆ ಸ್ಕೂಲಿದೆ."

ಸಭೆ ಎದ್ದು ಹೋಯಿತು. ಸಭೆಯ ಅರ್ಧಕ್ಕರ್ಧ ಜನ ಅವರ ಬಸ್ಸಿನಲ್ಲೇ ಸ್ಕೂಲಿಗೆ ಹೋದವರು.

ಮೂವತ್ಮೂರು ವರ್ಷ ಆರ್ಡಿತ್ ಸ್ಕೂಲಿನ ನಾಲ್ಕನೇ ನಂಬರ್ ಬಸ್ಸು ಓಡಿಸಿದರು. ಹಿಮಗಾಳಿಯಲ್ಲಿ ರಸ್ತೆ ಯಾವುದು ಹೊಲ ಯಾವುದು ತಿಳಿಯದ ಬೆಳಿಗ್ಗೆಗಳಲ್ಲೂ ಬೇಲಿಯ ಗೂಟ ಎಣಿಸಿಕೊಂಡು ನಮ್ಮನ್ನು ಮುಟ್ಟಿಸಿದರು. ಗಂಡ ಬೇಗ ತೀರಿಕೊಂಡ, ಮಕ್ಕಳಿರಲಿಲ್ಲ. ಊರಿನ ಪ್ರತಿ ಮಗು ಯಾವ ತರಗತಿ, ಯಾರ ಪಕ್ಕ ಕೂರುತ್ತದೆ, ಯಾರ ಪಕ್ಕ ಕೂತರೆ ವಾಂತಿ ಮಾಡುತ್ತದೆ ಎಲ್ಲ ಅವರಿಗೆ ಬಾಯಿಪಾಠ. ನಿವೃತ್ತರಾದ ಮೇಲೂ ಜೋಕುಗಳಿಂದ ಲೆಕ್ಕ ಹಿಡಿಯುತ್ತಿದ್ದರು. ಚಿಕ್ಕವರು ಜೋಕನ್ನು ಕೆಡಿಸುತ್ತಾರೆ; ಕೊನೆಯನ್ನು ಮೊದಲೇ ಹೇಳಿಬಿಡುತ್ತಾರೆ, ಇಲ್ಲವೇ ತಾವೇ ನಕ್ಕು ಮುಗಿಸುವುದೇ ಇಲ್ಲ. ಯಾವತ್ತು ಮಗು ಸರಿಯಾದ ಜಾಗದಲ್ಲಿ ತಡೆದು, ಎದುರಿನವರ ಮುಖ ನೋಡಿ ಜೋಕು ಹೇಳುತ್ತದೋ ಅಂದಿಗೆ ಅದರ ತಿರುಗಾಟ ಮುಗಿಯಿತು ಎನ್ನುವುದು ಅವರ ಸಿದ್ಧಾಂತ.

ನನಗೆ ಸೇಬು ಬಂದದ್ದು ಹದಿಮೂರಕ್ಕೆ. ಗುರುತು ಸಿಗದಿರಲೆಂದು ಹಾಸಿಗೆಯ ಬಿಳಿ ಹೊದಿಕೆ ಹೊದ್ದು ದೆವ್ವವಾಗಿ ಹೋಗಿದ್ದೆ. ಆರ್ಡಿತ್ ಹೊದಿಕೆ ಎತ್ತಲಿಲ್ಲ. ಕೆಳಗೆ ನೋಡಿ, "ಡುವೇನ್, ಈ ಶೂಗಳಿಗೇ ಒಂದು ಸೀಟು ಬೇಕು ಕಣೋ" ಎಂದು ಸೇಬು ಇಟ್ಟರು. ನಾನು ಹೊದಿಕೆಯೊಳಗೆ ಮುಸುಮುಸು ಎಂದಿರಬೇಕು. ತಗ್ಗಿದ ದನಿಯಲ್ಲಿ, "ಬೇಜಾರು ಮಾಡ್ಕೋಬೇಡ. ಯಾರಾದ್ರೂ ಒಬ್ರು ಹೇಳ್ಬೇಕು. ಯಾರೂ ಹೇಳ್ದೇ ಹೋದ್ರೆ ಊರಿಗೆಲ್ಲ ಗೊತ್ತಿರುತ್ತೆ, ನಿನಗೊಬ್ಬನಿಗೇ ಗೊತ್ತಿರಲ್ಲ" ಎಂದರು. ಆ ಮಾತು ನನ್ನೊಂದಿಗೆ ಉಳಿದುಬಿಟ್ಟಿತು. ಅದನ್ನು ಪಾಲಿಸಿದೆ ಎಂದು ಹೇಳುತ್ತಿಲ್ಲ.

ಮಾರನೆಯ ದಿನ ಶುಕ್ರವಾರ. ಮ್ಯಾರಿಟ್ ಏನೂ ತಿನ್ನದೆ ಸ್ಕೂಲಿಗೆ ಹೋದಳು. ಹೋಗುವಾಗ, "ನನ್ನ ಕ್ಲಾಸಲ್ಲಿ ಇನ್ಯಾರಿಗೂ ಬಂದಿಲ್ಲ. ನಾನೊಬ್ಳೇ ದೊಡ್ಡೋಳಂತೆ. ಯಾರ ಜೊತೆ ಆಡ್ಲಿ ಈಗ?" ಎಂದಳು. ಜೋಲೀನ್ ಅಡುಗೆಮನೆಯ ಕಿಟಕಿಯಲ್ಲಿದ್ದ ಸೇಬು ತಂದು ನನ್ನ ಕೋಟಿನ ಜೇಬಿಗೆ ತುರುಕಿದಳು.

"ಹೋಗು, ಇದನ್ನ ಅವರಿಗೇ ವಾಪಸ್ ಕೊಟ್ಟು ಬಾ. ಹತ್ತು ವರ್ಷದ ಮಗು ಅದು. ಜೋಕು ಬರಿಯೋದಲ್ಲ ಡುವೇನ್, ಒಂದ್ಸಲ ಬಾಯಿ ಬಿಟ್ಟು ಮಾತಾಡು."

ಮಧ್ಯಾಹ್ನ ಹೋದೆ. ಆರ್ಡಿತ್ ಕಾಫಿ ಕೊಟ್ಟರು. ಕಪ್ಪಿನ ಅಂಚಿನೊಳಗೆ ತೋರುಬೆರಳು ಇಟ್ಟುಕೊಂಡು, ಕಾಫಿ ಬೆರಳಿಗೆ ಮುಟ್ಟುವವರೆಗೆ ಸುರಿದರು. ವಯಸ್ಸಾದವರ ರೂಢಿ ಇರಬೇಕು ಎಂದುಕೊಂಡೆ. ಬಾಯಿ ಬಿಡಲು ನಾನು ತಡವರಿಸುತ್ತಿರುವಾಗ ಅವರೇ ಶುರುಮಾಡಿದರು.

"ನಿನ್ನ ಮಗಳು ನಿನ್ನೆ ಬಂದಿದ್ಳು. ಹಳದಿ ಬಟ್ಟೆ ಹಾಕ್ಕೊಂಡು ಮೆಟ್ಲ ಮೇಲೆ ಕೂತ್ಬಿಟ್ಟಿದ್ಳು ಪಾಪ. ಬೆಳೀತಾ ಇದಾಳೆ. ಸ್ವಲ್ಪ ದಪ್ಪ. ಊಟದ ಕಡೆ ಗಮನ ಕೊಡಿ."

ನಾನು ನಗಲು ಬಾಯಿ ತೆರೆದೆ. ಅವರ ಮುಖದಲ್ಲಿ ಗೆರೆ ಅಲುಗಲಿಲ್ಲ. ಆದರೆ ಅವರ ಮುಖದಲ್ಲಿ ಎಂದೂ ಅಲುಗುವುದಿಲ್ಲವಲ್ಲ!

"ಜೋಕಂತೂ ಪೂರ್ತಿ ಹಾಳು ಮಾಡಿದ್ಳು. ಅವಳಿಗೆ ಇನ್ನೂ ಮೂರ್ನಾಲ್ಕು ವರ್ಷ ಏನೂ ಯೋಚನೆ ಇಲ್ಲ. ನಿಮ್ಮಣ್ಣನ ಮಗ ಬಂದಿದ್ದ, ಉದ್ದದೋನು. ಅವನೂ ನಿಮ್ಮನೆ ಜೋಕೇ ಹೇಳ್ದ. ಗಂಟಲು ಒಡೆದಿದೆ, ಇನ್ನೂ ಚೀಲ ಹಿಡ್ಕೊಂಡು ಬರ್ತಾನೆ. ಕೊಟ್ಟು ಕಳಿಸ್ದೆ."

"ಆರ್ಡಿತ್" ಎಂದೆ, "ಹಳದಿ ಬಟ್ಟೇಲಿದ್ದೋನು ನಾನು."

ಅವರು ನನ್ನ ಮುಖದ ಕಡೆ ನೋಡದೆ ನನ್ನ ಕಿವಿಯ ಪಕ್ಕಕ್ಕೆ, ಗೋಡೆಯ ಕಡೆಗೆ ನೋಡುತ್ತಿದ್ದರು. ಅವರು ಹಾಗೆ ಪಕ್ಕಕ್ಕೇ ನೋಡಿ ಮಾತಾಡಲು ತೊಡಗಿ ಎಷ್ಟು ದಿನವಾಯಿತು ಎಂದು ನೆನಪಿಸಿಕೊಳ್ಳಲು ಹೋದೆ, ಲೆಕ್ಕ ಸಿಗಲಿಲ್ಲ.

"ಉದ್ದದೋನು?"

"ಮ್ಯಾರಿಟ್. ದೀಪಸ್ತಂಭದ ವೇಷ. ನೆಗಡಿಯಾಗಿತ್ತು."

"ಎಷ್ಟು ವರ್ಷ?"

"ಹತ್ತು."

ಆರ್ಡಿತ್ ಕಪ್ಪನ್ನು ಕೆಳಗಿಟ್ಟರು. ತಟ್ಟೆಯ ಮೇಲಲ್ಲ, ತಟ್ಟೆಯ ಅಂಚಿನ ಮೇಲೆ. ಕಾಫಿ ಚೆಲ್ಲಿತು, ಒರೆಸಲಿಲ್ಲ. "ಹತ್ತು" ಎಂದರು. ಆಮೇಲೆ ಮತ್ತೊಮ್ಮೆ, ತಮಗೇ ಎಂಬಂತೆ, "ಹತ್ತು ವರ್ಷದ ಮಗೂಗೆ."

ಕೊನೆಗೆ ಹೇಳಿದರು. ಎರಡು ವರ್ಷದಿಂದ ಕಣ್ಣಿನ ನಡುಭಾಗ ಹೋಗಿದೆ. ನೇರ ನೋಡಿದರೆ ಮಸಿ ಬಳಿದ ಹಾಗೆ, ಅಂಚಿನಲ್ಲಿ ಮಾತ್ರ ಬಣ್ಣ, ಆಕಾರ. ಕಣ್ಣಿನ ಡಾಕ್ಟರ ಹತ್ತಿರ ಹೋಗುವುದನ್ನೇ ಬಿಟ್ಟಿದ್ದಾರೆ. ಹೋದರೆ ಅವರು ಲೈಸೆನ್ಸ್ ಕಿತ್ತುಕೊಳ್ಳುವ ಕಾಗದ ಬರೆಯುತ್ತಾರೆ.

"ಮತ್ತೆ ಕಾರು?"

"ದಾರಿ ಗೊತ್ತು ನನಗೆ. ಮೂವತ್ಮೂರು ವರ್ಷದ ದಾರಿ."

ದಾರಿ ಎಲ್ಲಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. ಹನ್ನೊಂದು ಮೈಲಿ ಆಚೆಯ ಊರಿನ ಶುಶ್ರೂಷಾ ಗೃಹದಲ್ಲಿ ಅವರ ತಂಗಿ ಲೋಯಿಸ್ ಇದ್ದಾಳೆ. ಪಾರ್ಶ್ವವಾಯು ಹೊಡೆದು ಮಾತು ಹೋಗಿದೆ. ಮಂಗಳವಾರ, ಶುಕ್ರವಾರ ಆರ್ಡಿತ್ ಹೋಗಿ ತಂಗಿಯ ತಲೆ ಬಾಚಿ ಜಡೆ ಹಾಕಿ ಬರುತ್ತಾರೆ. ಬೇರೆ ಯಾರು ಬಾಚಣಿಗೆ ಹಿಡಿದರೂ ಲೋಯಿಸ್ ಕೈ ಎತ್ತಿ ಹೊಡೆಯುತ್ತಾಳೆ. ಕಾರಿಲ್ಲದೆ ನಮ್ಮ ಊರಿಂದ ಎಲ್ಲಿಗೂ ಹೋಗಲಾಗುವುದಿಲ್ಲ. ಇಲ್ಲಿ ಹಾಲು ತರುವುದಕ್ಕೂ ಹೆದ್ದಾರಿ ಹತ್ತಬೇಕು.

"ನಿಮಗೆ ಯಾವಾಗ ನಿಂತಿತು?" ಎಂದು ಕೇಳಿದೆ. ಏನಾದರೂ ಕೇಳಬೇಕಿತ್ತು, ಕೇಳಬೇಕಾದದ್ದನ್ನು ಬಿಟ್ಟು. "ಚಿಕ್ಕೋರಿದ್ದಾಗ, ಈ ಮನೆಮನೆ ತಿರುಗೋದು?"

"ಒಂಬತ್ತಕ್ಕೆ. ಅಮ್ಮ ಹಾಸಿಗೆ ಹಿಡಿದ್ರು. ನಮ್ಮನೇಲಿ ಹಾಲು ಕರೆಯೋದು ಸಂಜೆ ಆರಕ್ಕೆ. ಆ ವರ್ಷ ಹೋಗ್ಲಿಲ್ಲ, ಮುಂದಿನ ವರ್ಷಾನೂ ಹೋಗ್ಲಿಲ್ಲ. ಯಾರೂ ಏನೂ ಹೇಳ್ಲಿಲ್ಲ. ಸುಮ್ನೆ ನಿಂತೋಯ್ತು." ಅವರು ಟವೆಲಿಗಾಗಿ ಮೇಜು ಸವರಿದರು. "ಹಂಗಾಗ್ಬಾರ್ದು ಅಂತಲೇ ಸೇಬು ಇಟ್ಟಿದ್ದು. ನಿಲ್ಲೋದಾದ್ರೆ ಕೈಗೆ ಒಂದು ಏನಾದ್ರೂ ಬರ್ಬೇಕು. ಈಗ ನೋಡಿದ್ರೆ ಅವಳಿಗೆ ಆಗಿನ ನನಗಿಂತ ಒಂದೇ ವರ್ಷ ಜಾಸ್ತಿ."

ಆಮೇಲೆ ಎದ್ದು ಮೊಳೆಯಿಂದ ಕಾರಿನ ಕೀಲಿ ತೆಗೆದುಕೊಂಡರು. ಮೊಳೆ ಹುಡುಕಲು ಗೋಡೆ ಸವರಬೇಕಾಗಿ ಬರಲಿಲ್ಲ, ಅದು ಅಷ್ಟು ರೂಢಿ. "ಲೋಯಿಸ್ ಕಾಯ್ತಿರ್ತಾಳೆ. ನಿನ್ನ ಮಗಳ ವಿಷಯ ನಾನು ಸರಿ ಮಾಡ್ತೀನಿ. ಇನ್ನೊಂದು ವಿಷಯ, ನೀನು ಎಷ್ಟು ಜನಕ್ಕೆ ಹೇಳ್ತೀಯ?"

"ಯಾರಿಗೂ ಇಲ್ಲ" ಎಂದೆ.

ನನ್ನ ಜೇಬಿನಲ್ಲಿ ಸೇಬಿತ್ತು. ನಾಲಿಗೆಯ ಮೇಲೆ ಮಾತಿತ್ತು. ಅವರೇ ಕಲಿಸಿದ ಮಾತು, ಹದಿಮೂರನೇ ವಯಸ್ಸಿನಿಂದ ಕಾದಿಟ್ಟುಕೊಂಡದ್ದು. ನಾನು ಏನು ಮಾಡಿದೆ? ಅವರಿಗಾಗಿ ಬಾಗಿಲು ತೆರೆದು ಹಿಡಿದೆ. ಕಾರಿನ ಬಾಗಿಲನ್ನೂ ಹಿಡಿದೆ. "ನಿಧಾನವಾಗಿ ಹೋಗಿ" ಎಂದೆ. ಇನ್ನು ಹತ್ತು ನಿಮಿಷಕ್ಕೆ ಸ್ಕೂಲು ಬಿಡುತ್ತದೆ ಎಂದು ನನಗೆ ಗೊತ್ತಿತ್ತು. ಅದನ್ನೂ ಹೇಳಲಿಲ್ಲ.

ನಾನು ನಡೆದುಕೊಂಡು ಅಂಚೆ ಕಚೇರಿಯ ಮೂಲೆ ತಲುಪಿರಲಿಲ್ಲ, ಸದ್ದು ಕೇಳಿಸಿತು. ಜೋರಾದ ಸದ್ದಲ್ಲ. ದಿಂಬಿನ ಮೇಲೆ ಯಾರೋ ಗುದ್ದಿದ ಹಾಗೆ. ಆಮೇಲೆ ಬ್ರೇಕು ಕಿರುಚಿತು.

ನಾನು ಓಡಿದೆ. ಅದೇ ಬೀದಿಯ ಲಿಂಡ್‌ಹೋಮ್ ಅವರ ಮನೆಯ ಮುಂದೆ ಆರ್ಡಿತ್ ಅವರ ಬೂದು ಕಾರು ಒಂದು ಚಕ್ರ ಹುಲ್ಲಿನ ಮೇಲೆ ಹತ್ತಿಸಿ ನಿಂತಿತ್ತು. ಕಾರಿನ ಮೂತಿಯ ಕೆಳಗೆ ಎರಡು ಪುಟ್ಟ ಕಾಲು, ನೀಲಿ ಜೀನ್ಸು, ಕೆಂಪು ಜಾಕೆಟ್ಟು. ಒಂದು ಶೂ ರಸ್ತೆಯ ನಡುವೆ ಬಿದ್ದಿತ್ತು. ಆರ್ಡಿತ್ ಆಗಲೇ ಇಳಿದು, ರಸ್ತೆಯ ಮೇಲೆ ಮಂಡಿಯೂರಿ, ಕೈಯಿಂದ ತಡಕುತ್ತಿದ್ದರು.

"ಯಾರ ಮಗು? ಡುವೇನ್, ನೀನೇನಾ? ಯಾರ ಮಗು ಹೇಳೋ!"

ಅಂಥ ದನಿ ನಾನು ಅವರಲ್ಲಿ ಎಂದೂ ಕೇಳಿರಲಿಲ್ಲ. ಅವರ ಕೈ ಕೆಂಪು ಜಾಕೆಟ್ಟಿನ ತೋಳನ್ನು ಹಿಡಿಯಿತು, ಮಣಿಕಟ್ಟು ಹುಡುಕಿತು, ತೋಳಿನೊಳಗೆ ಹೋಯಿತು. ಅಲ್ಲೇ ನಿಂತಿತು. ಮೆಲ್ಲಗೆ ಹೊರಗೆ ಬಂದಾಗ ಮುಷ್ಟಿಯಲ್ಲಿ ಒಣಹುಲ್ಲಿತ್ತು.

ಲಿಂಡ್‌ಹೋಮ್ ಅವರು ಹಬ್ಬಕ್ಕೆಂದು ಮೊಮ್ಮಗನ ಹಳೆಯ ಬಟ್ಟೆಗೆ ಹುಲ್ಲು ತುಂಬಿ ರಸ್ತೆಯಂಚಿನಲ್ಲಿ ಕೂರಿಸಿದ್ದ ಬೆದರುಬೊಂಬೆ. ನನಗೆ ಅದು ದಿನಾ ಕಾಣುತ್ತಿತ್ತು. ಆದರೂ ಆ ಗಳಿಗೆಯಲ್ಲಿ ನನ್ನ ಕಣ್ಣಿಗೂ ಕಾಣಲಿಲ್ಲ.

"ಹುಲ್ಲು" ಎಂದರು ಆರ್ಡಿತ್. ರಸ್ತೆಯ ಮೇಲೆ ಕೂತುಬಿಟ್ಟರು. "ಹುಲ್ಲು ಕಣೋ."

ಬೀದಿಯ ಆ ತುದಿಯಲ್ಲಿ ಸ್ಕೂಲಿನ ಗಂಟೆ ಹೊಡೆಯಿತು. ಮಕ್ಕಳ ಗಲಾಟೆ ಹೊರಬಿತ್ತು. ಇಬ್ಬರಿಗೂ ಕೇಳಿಸಿತು.

ನಾನು ಜೇಬಿನಿಂದ ಸೇಬು ತೆಗೆದು ಅವರ ಪಕ್ಕದಲ್ಲಿ ಕೂತೆ. ಧೈರ್ಯ ಬಂತೆಂದಲ್ಲ. ಮಕ್ಕಳು ಇಲ್ಲಿಗೆ ಬರುವುದರೊಳಗೆ ಆಗಬೇಕಿತ್ತು.

"ಆರ್ಡಿತ್, ಯಾರಾದ್ರೂ ಒಬ್ರು ಹೇಳ್ಬೇಕು."

"ಹೇಳು ಮತ್ತೆ."

ಅವರ ಕೈಯಿಂದ ಹುಲ್ಲು ಬಿಡಿಸಿ ಸೇಬು ಇಟ್ಟೆ. ಅವರು ಅದನ್ನು ಬೆರಳಿಂದ ಸುತ್ತಿಸಿದರು, ತೊಟ್ಟು ಮುಟ್ಟಿ ನೋಡಿದರು.

"ನಮ್ಮ ಹಿತ್ತಲಿನ ಮರದ್ದು."

"ಹೌದು."

"ಕೊಡುವಾಗ ಕಣ್ಣೊಳಗೆ ನೋಡಿ ಕೊಡ್ಬೇಕು, ಡುವೇನ್. ನಾನು ಹಂಗೇ ಕೊಡ್ತಿದ್ದೆ."

ನೋಡಿದೆ. ಅವರು ನನ್ನ ಕಿವಿಯ ಪಕ್ಕಕ್ಕೆ ನೋಡುತ್ತಿದ್ದರು. ಅಂದರೆ ನನ್ನ ಮುಖ ಅವರಿಗೆ ಕಾಣುತ್ತಿತ್ತು.

ಅವರು ಕೀಲಿಯನ್ನು ನನ್ನ ಕೈಗೆ ಹಾಕಿದರು. "ಕಾರು ಮನೆ ಹತ್ರ ನಿಲ್ಸು. ಕನ್ನಡಿ ಮುಟ್ಬೇಡ, ಅದು ನನ್ನ ಎತ್ತರಕ್ಕೆ ಇದೆ." ಆಮೇಲೆ, "ಇವತ್ತು ಶುಕ್ರವಾರ" ಎಂದರು, ಬೇರೆ ಯಾರಿಗೋ ಹೇಳುವವರಂತೆ.

ಆ ಸಂಜೆ ನಾನೇ ಅವರನ್ನು ಲೋಯಿಸ್ ಹತ್ತಿರ ಕರೆದುಕೊಂಡು ಹೋದೆ. ಪಕ್ಕದ ಸೀಟಿನಲ್ಲಿ ಕೂತು ಹನ್ನೊಂದು ಮೈಲಿ ಉದ್ದಕ್ಕೂ, ತಮ್ಮ ಕಾಲ ಕೆಳಗೆ ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು. "ಮುಂದೆ ಎಡಕ್ಕೆ ತಿರುವಿದೆ" ಎಂದು ತಿರುವಿಗೆ ಸರಿಯಾಗಿ ಹೇಳುತ್ತಿದ್ದರು, ಒಂದೂ ತಪ್ಪಲಿಲ್ಲ. ಅದೇ ನನಗೆ ಹೆಚ್ಚು ಸಂಕಟವಾಯಿತು. ಇನ್ನು ಮುಂದೆ ಪ್ರತಿ ಶುಕ್ರವಾರ ನಾನೇ ಬರುತ್ತೇನೆ ಎಂದದ್ದಕ್ಕೆ, "ನೀನು ಓಡಿಸೋದನ್ನ ಈಗ ನೋಡ್ದೆನಲ್ಲ" ಎಂದು ಮಾತು ಮುಗಿಸಿದರು. ಜೋಲೀನ್ ಹೋಗಿ ಕೇಳಿದಳು, ಚರ್ಚಿನವರು ಕೇಳಿದರು. ಯಾರ ಕಾರನ್ನೂ ಅವರು ಹತ್ತಲಿಲ್ಲ. ಜನರ ಮಕ್ಕಳನ್ನೆಲ್ಲ ಹೊತ್ತು ತಿರುಗಿದವರಿಗೆ ಜನರ ಕೈಲಿ ಹೊರಿಸಿಕೊಳ್ಳಲು ಬರುವುದಿಲ್ಲವೋ ಏನೋ. ನಾನು ಮಾಡಿದ್ದು ಸರಿಯೇ ಎಂದು ಜೋಲೀನ್ ಹೇಳುತ್ತಾಳೆ. ಸರಿಯಾದದ್ದನ್ನು ಮಾಡಿದವನಿಗೆ ಬರಬೇಕಾದ ನಿದ್ದೆ ಮಾತ್ರ ನನಗೆ ಬರಲಿಲ್ಲ. ಬೊಂಬೆಯ ಬದಲು ಮಗುವಾಗಿದ್ದರೆ ಎಂದು ಮಗ್ಗುಲಾಗುತ್ತೇನೆ. ಕಾಫಿ ಕಪ್ಪಿನ ಮುಂದೆಯೇ ಬಾಯಿ ಬಿಟ್ಟಿದ್ದರೆ ಆ ಮುದುಕಿ ಹುಲ್ಲಿನ ತೋಳಿನೊಳಗೆ ಮಣಿಕಟ್ಟು ಹುಡುಕುವುದು ತಪ್ಪುತ್ತಿತ್ತಲ್ಲ ಎಂದು ಇನ್ನೊಂದು ಮಗ್ಗುಲಾಗುತ್ತೇನೆ.

ಭಾನುವಾರ ಆರ್ಡಿತ್ ನಾಲ್ಕು ಬೀದಿ ನಡೆದುಕೊಂಡು ನಮ್ಮ ಮನೆಗೆ ಬಂದರು. ಮ್ಯಾರಿಟ್‌ಳನ್ನು ಎದುರಿಗೆ ಕೂರಿಸಿಕೊಂಡು, ಮುಖ ಪಕ್ಕಕ್ಕೆ ಮಾಡಿ ಅವಳನ್ನು ನೋಡಿದರು.

"ಬಸ್ಸಲ್ಲಿ ನಿಮ್ಮ ಸೀಟಿಗೆ ಎಷ್ಟು ಜನ ಕೂರ್ತೀರಿ?"

"ಮೂರು. ಚಳಿಗಾಲದ ಕೋಟು ಹಾಕ್ಕೊಂಡ್ರೂ ಮೂರು."

"ಹಂಗಾದ್ರೆ ನಾನು ಕೊಟ್ಟಿದ್ದು ತಪ್ಪು. ಸೇಬು ವಾಪಸ್ ಕೊಡು."

ಕೊಟ್ಟ ಸೇಬನ್ನು ಆರ್ಡಿತ್ ವಾಪಸ್ ಕೇಳಿದ್ದು ಊರಿನ ಚರಿತ್ರೆಯಲ್ಲೇ ಇಲ್ಲ. ಮ್ಯಾರಿಟ್ ನನ್ನ ಕಡೆ ನೋಡಿದಳು. "ಅದನ್ನ ಅಪ್ಪ ನಿಮಗೇ ಕೊಟ್ರಂತಲ್ಲ."

"ಹೌದು. ಅದು ನಂದೇ ಇರ್ಬೇಕು. ವಿಳಾಸ ತಪ್ಪಿ ನಿನ್ನ ಹತ್ರ ಬಂದಿತ್ತು." ಒಂದು ಚೀಲ ತುಂಬ ಚಾಕೊಲೇಟ್ ಮೇಜಿನ ಮೇಲಿಟ್ಟರು. "ಮುಂದಿನ ವರ್ಷ ಬಾ. ಇನ್ನೂ ಎರಡು ವರ್ಷ ಇದೆ ನಿನಗೆ."

"ಥ್ಯಾಂಕ್ಸ್, ಮಿಸೆಸ್ ಕ್ಲಾಸೆನ್" ಎಂದಳು ಮ್ಯಾರಿಟ್. ಅವರು ಹೋದ ಮೇಲೆ ನನ್ನ ಹತ್ತಿರ ಬಂದು, "ಅಪ್ಪ, ಮುಂದಿನ ವರ್ಷ ನಾನು ಹೋಗಲ್ಲ ಅನ್ಸುತ್ತೆ" ಎಂದಳು. ಯಾಕೆ ಎಂದೆ. "ಗೊತ್ತಿಲ್ಲ. ಒಂದ್ಸಲ ದೊಡ್ಡೋಳು ಅಂದ್ಮೇಲೆ ಆ ರಟ್ಟು ಹಾಕ್ಕೊಳ್ಳೋಕೆ ಒಂಥರಾ ಆಗುತ್ತೆ." ದೀಪಸ್ತಂಭ ಗ್ಯಾರೇಜಿನ ಮೂಲೆಯಲ್ಲಿ, ಹರಿದ ಜೋಳದ ತೆನೆಯ ಪಕ್ಕದಲ್ಲಿ, ಈಗಲೂ ಒರಗಿಕೊಂಡಿದೆ. ಎಸೆಯಲು ನನಗೆ ಮನಸ್ಸಿಲ್ಲ, ಹಾಕಿಕೊಳ್ಳಲು ಅವಳಿಗಿಲ್ಲ. ಸರಿಯಾದ ವಯಸ್ಸು ಯಾವುದು ಎಂದು ಊರಿನ ಸಭೆ ಎರಡು ಗಂಟೆ ಕಾದಾಡಿತ್ತಲ್ಲ, ನಾನು ಹೋಗಿ ಹೇಳಬಹುದಿತ್ತು: ವಯಸ್ಸು ಯಾವುದಾದರೂ ಇರಲಿ, ಕೆಲವು ಸಲ ಸೇಬನ್ನು ವಾಪಸ್ ತೆಗೆದುಕೊಂಡರೂ ಬಾಲ್ಯ ವಾಪಸ್ ಬರುವುದಿಲ್ಲ.

ವಯಸ್ಸಾದವರಿಗಾಗಿ ಜಿಲ್ಲೆಯವರು ಓಡಿಸುವ ಒಂದು ಚಿಕ್ಕ ಬಸ್ಸಿದೆ. ನಮ್ಮೂರಿಗೆ ಅದು ಬರುವುದು ಮಂಗಳವಾರ ಮಾತ್ರ. ನವೆಂಬರಿನ ಕೊನೆಯ ಒಂದು ಮಂಗಳವಾರ ಸ್ಕೂಲಿಗೆ ರಜೆ. ಮ್ಯಾರಿಟ್ ಮತ್ತು ನಾನು ಅಂಚೆ ಕಚೇರಿಗೆ ಹೋಗುತ್ತಿದ್ದಾಗ ಮೂಲೆಯಲ್ಲಿ ಆರ್ಡಿತ್ ನಿಂತಿದ್ದರು. ಬಸ್ ಡ್ರೈವರಿನ ಹಳೆಯ ನೀಲಿ ಜಾಕೆಟ್ಟು ಹಾಕಿಕೊಂಡಿದ್ದರು, ಕೈಚೀಲದಿಂದ ಬಾಚಣಿಗೆಯ ಹಿಡಿ ಹೊರಗೆ ಚಾಚಿತ್ತು. ಶುಕ್ರವಾರಗಳಂದು ಲೋಯಿಸ್ ತಲೆ ಕೆದರಿಕೊಂಡೇ ಕೂತಿರುತ್ತಾಳೆ, ಯಾರನ್ನೂ ಹತ್ತಿರ ಬಿಡುವುದಿಲ್ಲ ಎಂದು ಅಲ್ಲಿನ ನರ್ಸು ಜೋಲೀನ್‌ಗೆ ಹೇಳಿದ್ದಳು. ನಾನು ಆ ಬದಿಯ ಪಾದಚಾರಿ ದಾರಿಗೆ ದಾಟಿಬಿಡೋಣವೇ ಎಂದು ಯೋಚಿಸುತ್ತಿದ್ದೆ. ನನ್ನ ಯೋಚನೆಗಳೆಲ್ಲ ಸಾಮಾನ್ಯವಾಗಿ ಹೀಗೇ ಇರುತ್ತವೆ.

ಬಸ್ಸು ಬಂದು ನಿಂತಿತು. ಡ್ರೈವರ್ ನನ್ನ ಸ್ಕೂಲಿನವನೇ, ನನಗಿಂತ ಎರಡು ವರ್ಷ ಚಿಕ್ಕವನು, ಅವನಿಗೂ ಆರ್ಡಿತ್‌ರಿಂದಲೇ ಸೇಬು ಬಂದದ್ದು. ಅವನು ಎದ್ದು ಬಂದು, "ಮೆಟ್ಲು ಹುಷಾರು, ಮಿಸೆಸ್ ಕ್ಲಾಸೆನ್" ಎಂದು ಕೈ ಕೊಡಲು ಹೋದ. ಅವರು ಕೈ ಹಿಡಿಯಲಿಲ್ಲ. ಕಂಬಿ ಹುಡುಕಿಕೊಂಡು, ಒಂದು ಮೆಟ್ಟಿಲು ಹತ್ತಿ ನಿಂತರು. ಜೀವಮಾನದಲ್ಲಿ ಅವರು ಬಸ್ಸನ್ನು ಪ್ರಯಾಣಿಕರಾಗಿ ಹತ್ತಿದ್ದನ್ನು ನಾನು ಕಂಡಿರಲಿಲ್ಲ.

ನನ್ನ ಕೈ ಬಿಡಿಸಿಕೊಂಡು ಮ್ಯಾರಿಟ್ ಬಸ್ಸಿನ ಬಾಗಿಲಿನ ತನಕ ಓಡಿದಳು.

"ಮಿಸೆಸ್ ಕ್ಲಾಸೆನ್! ನೀವು ಯಾಕೆ ಬಸ್ ಹತ್ತಿದ್ರಿ?"

ಆರ್ಡಿತ್ ತಿರುಗಿದರು. ಎಷ್ಟು ತಡೆಯಬೇಕೋ ಅಷ್ಟು ತಡೆದರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

"ಟ್ರಾಕ್ಟರ್ ಕೆಟ್ಟಿತ್ತು."